ಗಿರಣಿಯ ಪಾಳಿ ನೆಟ್ಟಗಾದ ದಿನ

ಆ ಅಪ್‌ಡೇಟಿಗೆ ಬೆಲೆಯೇ ಇರಲಿಲ್ಲ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ನನಗೆ ಮಾತ್ರ ಅದು ಖಾನಾಪುರದ ಒಂದು ಅಕ್ಕಿ ಗಿರಣಿಯ ಬೆಲೆಗೆ ಬಿತ್ತು. ಗಿರಣಿ ನನ್ನದಲ್ಲ. ಆದರೆ ಅಲ್ಲಿಯ ಕಂಪ್ಯೂಟರಿನ ಕೆಲಸವೆಲ್ಲ ನನ್ನ ಕೈಯಲ್ಲಿತ್ತು, ಆ ಕೆಲಸವನ್ನು ತೋರಿಸಿಯೇ ಉಳಿದ ಗಿರಾಕಿಗಳನ್ನು ಹಿಡಿಯುತ್ತಿದ್ದೆ. ಅದು ಕೈತಪ್ಪಿದ್ದು ಯಾಕೆಂದರೆ, ನಾನು ಪ್ರೋಗ್ರಾಂ ಬರೆಯುವ ಭಾಷೆಯವರು ತಮ್ಮದೊಂದು ಹಳೆಯ ತಪ್ಪನ್ನು ತಿದ್ದಿಕೊಂಡರು. ಆ ತಪ್ಪನ್ನು ತಿರುಗಿ ತಂದು ಕೂಡಿಸು ಎಂದು ಗಿರಣಿಯವರು ಕೇಳಿದರು. ಒಲ್ಲೆ ಎಂದೆ. ಇಂದಿಗೂ ಒಲ್ಲೆ.

ಬೆಳಗಾವಿಯಲ್ಲಿ ಭಾಷೆ ಎಂದ ಕೂಡಲೇ ಜನ ಕಿವಿ ನಿಮಿರಿಸುತ್ತಾರೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ಕನ್ನಡ ಮರಾಠಿಯ ಮಾತಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಅದನ್ನೂ ಮನುಷ್ಯರೇ ಮಾಡಿದ್ದು, ಅದರಲ್ಲೂ ತಪ್ಪುಗಳಿರುತ್ತವೆ. ಆಗಾಗ ಅದರ ಹಿಂದಿನ ಮಂದಿ ಕುಳಿತು, ಸಿಕ್ಕ ತಪ್ಪುಗಳನ್ನು ತಿದ್ದಿ, ಏನೇನು ತಿದ್ದಿದೆವು ಎಂಬ ಪಟ್ಟಿಯ ಜೊತೆ ಹೊಸ ಆವೃತ್ತಿ ಹೊರಡಿಸುತ್ತಾರೆ. ಅದರಲ್ಲಿ ಹೊಸ ಸೌಲಭ್ಯ, ಬಣ್ಣ, ಬೆಡಗು ಏನೂ ಇರುವುದಿಲ್ಲ. ಮನೆಯ ಹೆಂಚು ತಿರುವಿ ಹಾಕಿದ ಹಾಗೆ, ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡದಿದ್ದರೆ ಮಾತ್ರ ಸೋರುತ್ತದೆ.

ನಾನು ಇದನ್ನು ಕಾಲೇಜಿನಲ್ಲಿ ಕಲಿತವಳಲ್ಲ. ನಮ್ಮದು ಕುರಿ ಕಾಯುವ ಮನೆತನ. ಸದಾಶಿವನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಲು ಕುಳಿತವಳು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಯಂತ್ರದ ಮುಂದೆ ನೋಡಿ, ಕೆಡಿಸಿ, ಮಾಡಿ ಕಲಿತೆ. ಮೊದಲು ಒಂದು ಕಿರಾಣಿ ಅಂಗಡಿಗೆ ಬಿಲ್ ಮಾಡುವ ಪ್ರೋಗ್ರಾಂ ಬರೆದುಕೊಟ್ಟೆ, ಆಮೇಲೆ ಬಟ್ಟೆ ಅಂಗಡಿ, ಆಮೇಲೆ ಎರಕದ ಕಾರ್ಖಾನೆ. ಯಾರೂ ನನ್ನನ್ನು ಕರೆದು ಕೆಲಸ ಕೊಡಲಿಲ್ಲ, ನಾನೇ ಬಾಗಿಲಿಗೆ ಹೋಗಿ ದರ ಮಾಡಿದೆ. ದರ ಮಾಡುವುದನ್ನು ಅಪ್ಪನಿಂದ ಕಲಿತಿದ್ದೆ. ಅವನು ಕುರಿ ಸಂತೆಯಲ್ಲಿ ಟವೆಲ್ಲಿನ ಕೆಳಗೆ ದಲಾಲಿಯ ಬೆರಳು ಹಿಡಿದು, ಮುಖದಲ್ಲಿ ಏನೂ ತೋರಿಸದೆ ವ್ಯವಹಾರ ಕುದುರಿಸುತ್ತಿದ್ದ. ನಾನು ಟವೆಲ್ಲನ್ನು ತೆಗೆದೆ, ಉಳಿದದ್ದನ್ನು ಇಟ್ಟುಕೊಂಡೆ.

ಖಾನಾಪುರದ ಗಿರಣಿ ಸಿಕ್ಕದ್ದೂ ಹಾಗೆಯೇ. ಸುಗ್ಗಿ ಮುಗಿಯುತ್ತಲೇ ಜಾಂಬೋಟಿ ಕಡೆಯ ವಾಡಿಗಳಿಂದ ಜನ ತಮ್ಮ ತಮ್ಮ ಭತ್ತ ತಂದು ಅಕ್ಕಿ ಮಾಡಿಸಿಕೊಂಡು ಹೋಗುತ್ತಾರೆ. ಒಂದೊಂದು ಮನೆಯದು ಕೆಲವೇ ಚೀಲ, ಅಷ್ಟಕ್ಕೆ ಗಾಡಿ ಮಾಡಿದರೆ ಗಿಟ್ಟುವುದಿಲ್ಲ. ಹಾಗಾಗಿ ಒಂದು ವಾಡಿಯವರೆಲ್ಲ ಸೇರಿ ಒಂದು ಟೆಂಪೋ ಮಾಡಿಕೊಂಡು ಬರುತ್ತಾರೆ. ಗಿರಣಿಯಲ್ಲಿ ಪಾಳಿ ಟೆಂಪೋಕ್ಕೆ, ಮನುಷ್ಯನಿಗಲ್ಲ. ಗೇಟಿನಲ್ಲಿ ಟೆಂಪೋಕ್ಕೆ ಒಂದು ನಂಬರು, ಅದರಲ್ಲಿ ಬಂದವರಿಗೆಲ್ಲ ಅದೇ ನಂಬರು. ಒಬ್ಬೊಬ್ಬರೇ ಕಿಟಕಿಗೆ ಹೋಗಿ ಹೆಸರು, ಚೀಲ ಬರೆಸಬೇಕು. ಗಿರಣಿಯ ಸಾವಕಾರರು, ನಾನು ಕಾಕಾ ಎನ್ನುತ್ತಿದ್ದೆ, ಎರಡೇ ಬೆರಳಲ್ಲಿ ಕುಟ್ಟುತ್ತ ಬರೆದುಕೊಳ್ಳುತ್ತಿದ್ದರು. ನನ್ನ ಪ್ರೋಗ್ರಾಂ ಟೆಂಪೋ ನಂಬರಿನ ಪ್ರಕಾರ ಹೆಸರುಗಳನ್ನು ಸಾಲು ಹಚ್ಚಿ ಗೋಡೆಯ ಮೇಲಿನ ಪರದೆಗೆ ಹಾಕುತ್ತಿತ್ತು. ಆ ಸಾಲಿನ ಪ್ರಕಾರ ಭತ್ತ ಒಳಗೆ ಹೋಗಬೇಕು.

ಒಂದೇ ಟೆಂಪೋದವರ ನಡುವೆ ಯಾರು ಮೊದಲು? ಅದನ್ನು ಕಾಕಾ ಹೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ಮೊದಲು ಬರೆಸಿದವರು ಮೊದಲು ಬರುತ್ತಾರೆ ಎಂದು ಯಾರಾದರೂ ಅಂದುಕೊಳ್ಳುವಂಥದ್ದು. ಆದರೆ ಆ ಭಾಷೆಯಲ್ಲಿ ಅಲ್ಲೇ ಒಂದು ತಪ್ಪಿತ್ತು. ನಂಬರು ಸಮನಾಗಿದ್ದರೆ ಅದು ಸಾಲನ್ನು ಉಲ್ಟಾ ಮಾಡಿ ಕೊಡುತ್ತಿತ್ತು. ಕಡೆಗೆ ಬರೆಸಿದವನು ಮೇಲೆ, ಮೊದಲು ಬರೆಸಿದವನು ತಳಕ್ಕೆ.

ನನಗೆ ಇದು ಗೊತ್ತಿರಲಿಲ್ಲ. ಜನಕ್ಕೆ ಗೊತ್ತಿತ್ತು.

ನಾನು ಆಗಾಗ ಗಿರಣಿಗೆ ಹೋದಾಗ ಕಿಟಕಿಯ ಮುಂದೆ ನಡೆಯುತ್ತಿದ್ದ ಉಪಚಾರ ನೋಡಿ ಖುಷಿಪಡುತ್ತಿದ್ದೆ.

“ನೀವ ಬರಸ್ರಿ ಮಾಮಾ, ಹಿರಿಯಾರು.”

“ಅಯ್ಯ, ನಿಮ್ದ ಮೊದ್ಲ ಆಗ್ಲಿ ಬಿಡ್ರಿ. ನಂಗೇನ ಗಡಿಬಿಡಿ ಐತಿ?”

“ಬ್ಯಾಡ ಬ್ಯಾಡ, ನಿಮ್ಮನ್ನ ಬಿಟ್ಟ ನಾ ಹೆಂಗ ಬರಸ್ಲಿ?”

ಬೆಳಗಾವಿಯಲ್ಲಿ ಬಿಲ್ ಕೌಂಟರಿನ ಮುಂದೆ ಮೊಳಕೈ ಮೊಳಕೈ ತಿವಿಯುವವರಿಗೆ ನಾನು ಜಾಂಬೋಟಿ ಕಡೆಯವರನ್ನು ತೋರಿಸಿ ಹೇಳುತ್ತಿದ್ದೆ, ಹೋಗಿ ನೋಡ್ರಿ, ಮರ್ಯಾದೆ ಅಂದ್ರ ಅದು ಎಂದು. ಎಷ್ಟು ಮಂದಿಗೆ ಹೇಳಿದೆನೋ.

ಆ ಉಪಚಾರಕ್ಕೆ ನಿಲ್ಲದವಳು ಒಬ್ಬಳೇ. ಒಂದು ವಾಡಿಯಿಂದ ಬರುತ್ತಿದ್ದ ಅಕ್ಕ. ಟೆಂಪೋ ನಿಂತ ಕೂಡಲೇ ಸೆರಗು ಬಿಗಿದು ನೆಟ್ಟಗೆ ಕಿಟಕಿಗೆ ಹೋಗಿ ಹೆಸರು ಬರೆಸುವವಳು. ಹೀಗಾಗಿ ಪ್ರತಿಸಲವೂ ಆಕೆಯ ಹೆಸರು ತಳದಲ್ಲಿ. ಆಕೆಯದು ನಾಡು ತಳಿಯ ಘಮಘಮ ಸಣ್ಣಕ್ಕಿ. ಅಂಥ ಭತ್ತ ಒಳಗೆ ಹೋಗುವಾಗ ಬೆಳೆದವರು ಎದುರು ನಿಲ್ಲದಿದ್ದರೆ ಆ ಕಡೆಯಿಂದ ಹೊರಬರುವ ಅಕ್ಕಿ ಯಾರದೋ ಆಗಿರುತ್ತದೆ. ನಿಂತರೆ ಹೊತ್ತು ಮುಳುಗುತ್ತದೆ. ಮನೆಯಲ್ಲಿ ಎಮ್ಮೆ. ಆಕೆಯ ಕೈ ಬಿಟ್ಟು ಬೇರೆ ಯಾರು ಕುಳಿತರೂ ಆ ಎಮ್ಮೆ ಸೊರೆ ಬಿಡುತ್ತಿರಲಿಲ್ಲ, ಹಾಲು ಕಟ್ಟಿಕೊಂಡು ಒದ್ದಾಡುತ್ತಿತ್ತಂತೆ. ಹಾಲೇ ಆ ಮನೆಯ ದಿನದ ಖರ್ಚು. ಅಕ್ಕಿ ನೋಡಿಕೊಳ್ಳಬೇಕೋ ಎಮ್ಮೆ ನೋಡಿಕೊಳ್ಳಬೇಕೋ, ಗಿರಣಿಗೆ ಬಂದಾಗಲೆಲ್ಲ ಆಕೆಗೆ ಇದೇ ಪಂಚಾಯಿತಿ.

ಆ ಅಪ್‌ಡೇಟಿನ ಪಟ್ಟಿಯನ್ನು ನಾನು ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಓದಿದೆ. ನನ್ನ ಧಂದೆಯವರು ಹೆಚ್ಚಿನವರು ಓದುವುದಿಲ್ಲ. ನಡೀತೈತಿ ಅಂದ್ರ ಮುಟ್ಟಬ್ಯಾಡ ಎನ್ನುವುದು ಅವರ ಕಾಯಂ ಮಾತು. ಪಟ್ಟಿಯಲ್ಲಿ ಏನೇನೋ ಇತ್ತು. ದಿನವಿಡೀ ಚಾಲೂ ಇಟ್ಟರೆ ಪ್ರೋಗ್ರಾಂ ನೆನಪಿನ ಜಾಗ ತಿನ್ನುತ್ತ ಹೋಗುತ್ತಿದ್ದದ್ದು ನಿಂತಿದೆ. ತಿಂಗಳ ಕಡೆಯ ತಾರೀಖು ಲೆಕ್ಕಹಾಕುವಾಗಿನ ಒಂದು ಎಡವಟ್ಟು ಹೋಗಿದೆ. ಹೊರಗಿನಿಂದ ಬಂದ ಕೆಟ್ಟ ಫೈಲೊಂದನ್ನು ತೆರೆದರೆ ಯಂತ್ರವೇ ಪರರ ಕೈಗೆ ಹೋಗಬಹುದಾಗಿದ್ದ ತೂತು ಮುಚ್ಚಿದೆ. ನನ್ನ ಕಣ್ಣು ನಿಂತದ್ದು ಅಲ್ಲಿ, ಯಾಕೆಂದರೆ ಗಿರಣಿಗೆ ವ್ಯಾಪಾರಿಗಳಿಂದ ದಿನಾ ಫೈಲುಗಳು ಬರುತ್ತಿದ್ದವು. ಅದರ ಕೆಳಗೆ ಇನ್ನೊಂದು ಸಾಲು: ಸಾಲು ಹಚ್ಚುವಾಗ ಸಮನಾದವು ಹಿಂದುಮುಂದಾಗುತ್ತಿದ್ದವು, ಇನ್ನು ಬಂದ ಕ್ರಮದಲ್ಲೇ ಉಳಿಯುತ್ತವೆ. ಒಳ್ಳೆಯದೇ ಆಯಿತು ಎಂದು ಲೋಟ ಕೆಳಗಿಟ್ಟೆ. ನನ್ನ ಗಿರಾಕಿಗಳ ಬಿಲ್ಲುಗಳಿಗೆಲ್ಲ ಬೇರೆ ಬೇರೆ ನಂಬರು, ಸಮ ಎಲ್ಲಿಂದ ಬರಬೇಕು? ಟೆಂಪೋ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಖಾನಾಪುರಕ್ಕೆ ಹೋಗಿ ಹೊಸ ಆವೃತ್ತಿ ಹಾಕಿದೆ. ರಸೀದಿ ತೆಗೆದು ನೋಡಿದೆ, ತೂಕ ನೋಡಿದೆ, ಎಲ್ಲ ಸರಿಯಿತ್ತು. ಊಟದ ಡಬ್ಬಿ ಬಿಚ್ಚಿ ಕುಳಿತಿದ್ದೆ, ಅಕ್ಕನ ವಾಡಿಯ ಟೆಂಪೋ ಬಂತು. ಎಂದಿನಂತೆ ಅಕ್ಕ ಮೊದಲು ಬರೆಸಿದಳು. ಉಳಿದವರ ಉಪಚಾರ ನಡೆಯಿತು. ಎಲ್ಲರಾದ ಮೇಲೆ ಟೆಂಪೋದ ಮಾಲೀಕ, ಆತನೂ ಅದೇ ವಾಡಿಯ ರೈತ, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ನಿಧಾನ ಬಂದು ಬರೆಸಿ, ಪರದೆಯ ಕಡೆ ನೋಡದೆ ತನ್ನ ಚೀಲಗಳನ್ನು ಬಾಗಿಲಿಗೆ ಸರಿಸಲು ಶುರುಮಾಡಿದ. ಪರದೆಯ ಮೇಲೆ ಅಕ್ಕನ ಹೆಸರು ಮೇಲಿತ್ತು, ಅವನದು ತಳದಲ್ಲಿ.

ಯಾರೋ ಅವನಿಗೆ ಪರದೆ ತೋರಿಸಿದರು. ಆಮೇಲೆ ಅವನು ನನ್ನ ಕಡೆ ತಿರುಗಿದ.

“ಬಾಯಾರ, ನಿಮ್ಮ ಮಷಿನ್ನಿಗೆ ಏನೋ ಆಗೇತಿ. ನನ್ನ ಹೆಸರ ತಳಕ್ಕ ಹೋಗೇತಿ ನೋಡ್ರಿ.”

“ನೀವ ಕಡೀಗೆ ಬಂದೀರಿ, ಹೆಸರೂ ಕಡೀಗೆ ಬಂದೈತಿ. ಮಷಿನ್ನಿಗೆ ಏನೂ ಆಗಿಲ್ರಿ.”

“ಯಾವಾಗ್ಲೂ ಹಿಂಗಿರ್ಲಿಲ್ಲ.”

ಕಾಕಾ ಕನ್ನಡಕ ಮೇಲೇರಿಸಿ ಪರದೆ ನೋಡಿದರು. “ಖರೇ ಐತಿ ತಂಗೀ. ಕಡೀಗೆ ಬರಸಿದಾವ್ರ ಮೊದ್ಲ ಬರ್ತಾರ. ನಾ ಅದ ರೀತಿ ಅಂತ ತಿಳಕೊಂಡಿದ್ನಿ. ನೀನ ಹಂಗ ಬರದಿ ಅಂತ.”

ಆಗ ನನಗೆ ಆ ಉಪಚಾರದ ಅರ್ಥವಾಯಿತು. ಡಬ್ಬಿ ಮುಚ್ಚಿದೆ. ಮೊಬೈಲಿನಲ್ಲಿ ಪಟ್ಟಿಯ ಆ ಸಾಲನ್ನು ತೆಗೆದು, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದೆ. ಇಷ್ಟು ದಿನ ಇದ್ದದ್ದು ತಪ್ಪು, ನಾನು ಬರೆದದ್ದಲ್ಲ, ಕಾಕಾ ಹೇಳಿದ್ದೂ ಅಲ್ಲ, ಈಗ ಸರಿಯಾಗಿದೆ.

ಟೆಂಪೋದವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಅವನ ಕಡೆಗೂ ಒಂದು ಮಾತಿತ್ತು. “ನೋಡ್ರಿ, ಗಾಡಿ ನಂದು. ಎಲ್ಲಾರ ಮನಿ ಮುಂದ ಹೋಗಿ ಚೀಲ ಹೇರಸಾಂವ ನಾ, ಇಲ್ಲಿ ಇಳಸಾಂವ ನಾ, ಹಗ್ಗ ಬಿಚ್ಚಿ ಸುತ್ತಿ ಕಿಟಕಿಗೆ ಬರೂದ್ರೊಳಗ ಎಲ್ಲಾರದೂ ಬರಸಿ ಆಗಿರ್ತೈತಿ. ಹಂಗಿದ್ದ ಮ್ಯಾಲ ನಂಗ ಮೊದಲ ಪಾಳಿ ಬಂದ್ರ ಏನ ತಪ್ಪೈತಿ?”

“ಏನೂ ತಪ್ಪಿಲ್ರಿ,” ಎಂದೆ. “ಟೆಂಪೋದಾವ್ರಿಗೆ ಮೊದಲ ಪಾಳಿ ಅಂತ ಈಗ ಒಂದ ಸಾಲ ಬರದ ಕೂಡಸ್ತೀನಿ. ನೀವು ಚಹಾ ಕುಡದ ಬರೂದ್ರಾಗ ಆಗಿರ್ತೈತಿ. ಆದ್ರ ಕಿಟಕಿ ಮ್ಯಾಲ ಒಂದ ಬೋರ್ಡಿನ್ಯಾಗೂ ಅದನ್ನ ಬರೀಬೇಕು. ಎಲ್ಲಾರೂ ಓದೂಹಂಗ.”

ಅವನು ಕಾಕಾನ ಕಡೆ ನೋಡಿದ, ಕಾಕಾ ತಕ್ಕಡಿಯ ಕಡೆ ನೋಡಿದರು.

“ಬೋರ್ಡ್ ಯಾಕ ಬೇಕ್ರಿ,” ಎಂದ ಟೆಂಪೋದವನು. “ಒಂದ ವಾಡಿ ಮಂದಿ ನಾವು. ಬೋರ್ಡ್ ಹಾಕಿದ್ರ ಮಂದಿ ಏನಂತಾರ?”

“ಈಗ ಏನಂತಾರ?”

“ಈಗೇನ್ರಿ, ಮಷಿನ್ ಹಂಗ ಅಂತಾರ.”

ಅಕ್ಕ ಅಷ್ಟರಲ್ಲಿ ತನ್ನ ಚೀಲದ ಬಾಯಿ ಬಿಚ್ಚುತ್ತಿದ್ದಳು. ತಲೆ ಎತ್ತದೆ, “ಬೋರ್ಡ್ ಬರಸ್ರಿ ಭಾವ,” ಎಂದಳು. “ದಪ್ಪ ಅಕ್ಷರದಾಗ ಬರಸ್ರಿ. ನಮ್ಮ ಎಮ್ಮೀನೂ ಕರಕೊಂಬಂದ ಓದಸ್ತೀನಿ.”

ಅಲ್ಲಿದ್ದವರೆಲ್ಲ ನಕ್ಕರು. ನಕ್ಕ ಮೇಲೆ ಜಗಳ ಮಾಡುವುದು ಕಷ್ಟ. ಆ ದಿನ ಸಾಲು ಹಾಗೇ ನಿಂತಿತು. ಅಕ್ಕನ ಭತ್ತ ಮೊದಲು ಒಳಗೆ ಹೋಯಿತು, ಆಕೆ ಎದುರು ನಿಂತು ತನ್ನ ಅಕ್ಕಿಯನ್ನೇ ತುಂಬಿಸಿಕೊಂಡಳು. ಚೀಲ ಹೊಲಿದು ಟೆಂಪೋಕ್ಕೆ ಹಾಕಿ ತಾನು ಮಧ್ಯಾಹ್ನದ ಬಸ್ಸಿಗೆ ಹೊರಟಳು. ಹೊರಡುವಾಗ ಕೇಳಿದೆ, ಕಡೆಗೆ ನಿಂತರೆ ಮೊದಲು ಬರುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲವೇ ಎಂದು.

“ಗೊತ್ತಿತ್ತವ್ವ,” ಎಂದಳು. “ನಾನೂ ಹಿಂದ ನಿಂತ್ರ ಅಂವ ಇನ್ನೂ ಹಿಂದ ನಿಲ್ತಾನ. ಅವಂದು ಗಾಡಿ. ನಾಳೆ ನಿನ್ನ ಚೀಲಕ್ಕ ಜಾಗ ಇಲ್ಲ ಅಂದ್ರ? ಅದಕ್ಕ ಸುಮ್ಮ ಬರಸಿ ಬಿಡ್ತಿದ್ನಿ.”

ಸಂಜೆ ಕಾಕಾ ನನ್ನನ್ನು ಒಳಗೆ ಕರೆದು ಕುರ್ಚಿ ಸರಿಸಿದರು. “ಕುಂದರ. ತಂಗೀ, ನಡದದ್ದ ಹಂಗ ನಡೀಲಿ. ಹಳೇದ ಹಾಕಿ ಬಿಡ. ಅಂವ ಬ್ಯಾರೆ ಗಿರಣಿಗೆ ಹೋದ್ರ ಇಡೀ ವಾಡಿ ಹೋಗತೈತಿ.”

“ಹಳೇದ ಹಾಕಿದ್ರ ಆ ತೂತೂ ತಿರುಗಿ ಬರತೈತಿ ಕಾಕಾ. ಇದೊಂದ ಬ್ಯಾಡ, ಉಳಿದದ್ದ ಬೇಕು ಅನ್ನಾಕ ಬರೂದಿಲ್ಲ.”

“ಹಂಗಂದ್ರ ಈ ಹೊಸದರಾಗ ನೀನ ಬರದ ಉಲ್ಟಾ ಮಾಡ. ನಿಂಗೇನ ಬರೂದಿಲ್ಲೇನು?”

ಬರುತ್ತಿತ್ತು. ಒಂದೇ ಸಾಲಿನ ಕೆಲಸ. ಅಲ್ಲೇ ಮಾಡಿದ್ದರೆ ಗಿರಣಿ ಉಳಿಯುತ್ತಿತ್ತು. ಆದರೆ ನಿನ್ನೆಯವರೆಗೆ ಅದು ಯಾರೂ ಬೇಕೆಂದು ಮಾಡದ ತಪ್ಪು. ನಾಳೆಯಿಂದ ಅದು ನಾನು ಕೈಯಾರೆ ಮಾಡಿದ ಮೋಸ, ಅದೂ ಆ ಅಕ್ಕನ ಮುಖ ನೋಡಿ, ಎಮ್ಮೆಯ ಕಥೆ ಕೇಳಿದ ಮೇಲೆ.

“ಬೋರ್ಡ್ ಹಾಕ್ರಿ, ಬರೀತೀನಿ,” ಎಂದೆ. “ಬೋರ್ಡ್ ಇಲ್ಲಂದ್ರ ಇಲ್ಲ.”

“ಬೆಳಗಾವ್ಯಾಗ ನೀ ಒಬ್ಬಾಕೀನ ಇದ್ದೀ ಏನ?”

“ಭಾಳ ಮಂದಿ ಅದಾರ ಕಾಕಾ. ಹಳೇದ ಹಾಕಿ ಕೊಡಾವ್ರೂ ಅದಾರ.”

“ಭಾಳ ಹಟ ಐತಿ ನಿಂಗ.”

“ಹಟ ಅಲ್ರಿ, ದರ. ಇದಕ್ಕಿಂತ ಕೆಳಗ ಇಳಿಯೂದಿಲ್ಲ.”

ಚಹಾ ಬಂತು, ಇಬ್ಬರೂ ಕುಡಿದೆವು. ಕೆಲವೇ ದಿನಗಳಲ್ಲಿ ಬೆಳಗಾವಿಯ ಮತ್ತೊಬ್ಬರು ಹೋಗಿ ಹಳೆಯ ಆವೃತ್ತಿ ಹಾಕಿಕೊಟ್ಟರೆಂದು ತಿಳಿಯಿತು. ನನ್ನ ಧಂದೆಯವರು ನಕ್ಕರು. ಗಿರಾಕಿಗೆ ಬೇಕಾದದ್ದು ಕೊಡಬೇಕು, ನ್ಯಾಯ ಹೇಳಾಕ ಕೋರ್ಟ್ ಅದಾವು ಎಂದರು. ನಗಲಿ. ಅವರು ಪಟ್ಟಿಯನ್ನೂ ಓದುವುದಿಲ್ಲ, ಮುಖವನ್ನೂ ಓದುವುದಿಲ್ಲ.

ಆಮೇಲೆ ಗಿರಣಿಯಲ್ಲಿ ಏನಾಯಿತು ಎಂಬುದನ್ನು ಅಕ್ಕನೇ ಹೇಳಿದಳು. ಒಂದು ದಿನ ಬೇರೆ ಕೆಲಸಕ್ಕೆ ಖಾನಾಪುರಕ್ಕೆ ಹೋಗಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು.

“ಏನ ಹೇಳಿ ಹೋದಿ ತಂಗೀ ನೀ,” ಎಂದು ಬಾಯಿಗೆ ಸೆರಗು ಹಿಡಿದಳು. “ಟೆಂಪೋ ಇಳದ್ವಿ. ಕಿಟಕಿಗೆ ಒಬ್ರೂ ಹೋಗವಲ್ರು. ಮೊದ್ಲ ಕೆಲವ್ರಿಗಷ್ಟ ಗೊತ್ತಿತ್ತು, ಕಡೀಗೆ ಬರಸಿದಾವ್ರ ಮೊದ್ಲ ಅಂತ ಈಗ ಸಣ್ಣ ಮಕ್ಕಳಿಗೂ ಗೊತ್ತಾಗೇತಿ. ಎಲ್ಲಾರೂ ಚೀಲದ ಮ್ಯಾಲ ಕುಂತ ಎಲಿ ಅಡಿಕಿ ಹಾಕ್ಕೊಳ್ಳಾಕತ್ತಾರ. ಸಾವಕಾರ ಒಳಗಿಂದ, ಬರ್ರಿ, ಬರಸ್ರಿ ಅಂತ ಒದರತಾನ. ನೀವ ಹೋಗ್ರಿ, ನೀವ ಹೋಗ್ರಿ. ಗಿರಣಿ ಖಾಲಿ ನಿಂತೈತಿ, ಹೊತ್ತ ನೆತ್ತಿಗೆ ಬಂತು.”

“ನೀವೂ ಹೋಗ್ಲಿಲ್ಲೇನ್ರಿ?”

“ನಾ ಯಾಕ ಹೋಗ್ಲಿ? ನಾನೂ ಕುಂತ್ನಿ. ಕಡೀಗೆ ಸಾವಕಾರನ ಹೊರಗ ಬಂದ, ಕಸಬರಿಗಿ ಕಡ್ಡಿ ಮುರದ ಮುಷ್ಟ್ಯಾಗ ಹಿಡದ, ಜಗ್ಗ್ರಿ ಅಂದ. ಉದ್ದ ಬಂದಾವ್ರ ಮೊದ್ಲ. ಟೆಂಪೋದಾಂವನೂ ಜಗ್ಗಿದ. ಈಗ ಪ್ರತಿ ಸಲ ಹಂಗ. ಮಷಿನ್ ಬರೇ ರಸೀದಿ ಕೊಡತೈತಿ.”

“ನಿಮ್ಗ ಗಿಡ್ಡ ಕಡ್ಡಿ ಬಂದ್ರ?”

“ಬಂದಿತ್ತು. ಎಮ್ಮಿ ಐತ್ರಿ ಅಂದ್ನಿ, ಒಬ್ರು ತಮ್ಮದ ಕೊಟ್ರು. ಮತ್ತೊಮ್ಮೆ ಟೆಂಪೋದಾಂವನ ಕೊಟ್ಟ. ಮೊದ್ಲ ಯಾರನ್ನ ಕೇಳೂದಿತ್ತು, ಮಷಿನ್ನಿಗೆ ಕೇಳೂದೇನು?”

ಆಕೆಯ ಬಸ್ ಬಂತು, ಹತ್ತಿದಳು. ಹಾಲು ಹಿಂಡುವ ಹೊತ್ತಿಗೆ ಇನ್ನೂ ಸಾಕಷ್ಟು ಸಮಯವಿತ್ತು.

ಕಾಕಾ ಆಮೇಲೆ ಒಮ್ಮೆ ಫೋನ್ ಮಾಡಿದರು. ಕಡ್ಡಿ ಹಿಡಿದು ನಿಲ್ಲುವುದು ಬೇಸರವಾಗಿದೆ, ಬಂದು ಹೊಸದನ್ನೇ ಹಾಕು, ಆದರೆ ಟೆಂಪೋದವನಿಗೆ ಹೇಗಾದರೂ ಒಳಗಿನಿಂದಲೇ ಒಂದು ಸಣ್ಣ ದಾರಿ ಮಾಡಿಕೊಡು ಎಂದರು. ಬೋರ್ಡ್ ಎಂದೆ. ಫೋನ್ ಇಟ್ಟರು. ನಮ್ಮಿಬ್ಬರ ವ್ಯವಹಾರ ಅಲ್ಲೇ ನಿಂತಿದೆ. ಆ ಗಿರಣಿಯ ಕಂಪ್ಯೂಟರಿನಲ್ಲಿ ಆ ತೂತೂ ಹಾಗೇ ಇದೆ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನಾನು ಮೆತ್ತಗಾಗುತ್ತೇನೆಂದು ಅವರು ಕಾಯುತ್ತಿದ್ದರೆ ಕಾಯಲಿ.

ಈ ಧಂದೆಯಲ್ಲಿ ನೀವೂ ಇದ್ದರೆ ನನ್ನ ಮಾತು ಕೇಳಿ. ಅಪ್‌ಡೇಟ್ ಬಂದರೆ ಅದರ ಬದಲಾವಣೆಗಳ ಪಟ್ಟಿಯನ್ನು ಕಡೆಯ ಸಾಲಿನವರೆಗೆ ಓದಿ, ಒಂದೊಂದು ಸಾಲಿಗೂ ನಿಮ್ಮ ಗಿರಾಕಿಗಳಲ್ಲಿ ಯಾರಿಗೆ ತಗಲುತ್ತದೆ ಎಂದು ಮುಖ ನೆನೆಸಿಕೊಳ್ಳಿ. ನೆನಪಾಗದಿದ್ದರೆ ಫೋನ್ ಮಾಡಿ ಕೇಳಿ, ಮಾಲೀಕರನ್ನಲ್ಲ, ಕಿಟಕಿಯ ಹೊರಗೆ ನಿಲ್ಲುವವರನ್ನು. ಪರೀಕ್ಷೆ ಮಾಡುವಾಗ ಸಮನಾದ ಎರಡು ನಂಬರು ಹಾಕಿ ನೋಡಿ, ಎಡವಟ್ಟು ಅಲ್ಲೇ ಕುಳಿತಿರುತ್ತದೆ. ಹಳೆಯದರ ನಕಲು ಇರಲಿ, ಹೊಸದು ನಿಜವಾಗಿ ಕೆಟ್ಟರೆ ಬೇಕಾಗುತ್ತದೆ. ಆದರೆ ಯಾರೋ ಒಬ್ಬರಿಗೆ ಹಿತವಾಗಿತ್ತು ಎಂಬ ಕಾರಣಕ್ಕೆ ಅದನ್ನು ಹೊರತೆಗೆಯಬೇಡಿ. ಹಳೆಯದು ಬೇಕು ಎಂದವರಿಂದ, ಯಾಕೆ ಬೇಕು ಎನ್ನುವುದನ್ನು ನಾಲ್ಕು ಮಂದಿಯ ಮುಂದೆ ಹೇಳಿಸಿ. ಹೇಳಿದರೆ ಅದು ನಿಯಮ, ಧೈರ್ಯವಾಗಿ ಬರೆದುಕೊಡಿ, ಅದಕ್ಕೆ ಬೇರೆ ದರವನ್ನೂ ಹಚ್ಚಿ. ಹೇಳಲು ಹಿಂಜರಿದರೆ ನಿಮ್ಮ ಚೀಲ ಎತ್ತಿಕೊಂಡು ಹೊರಡಿ. ಹೊಸ ಆವೃತ್ತಿಯನ್ನು ಸುಗ್ಗಿಯ ನಡುವೆ ಹಾಕಬೇಡಿ, ಮೊದಲೇ ಹಾಕಿ. ಹಾಕಿದ ದಿನ ಊಟದ ಡಬ್ಬಿ ಕಟ್ಟಿಕೊಂಡು ಹೋಗಿ, ಮೊದಲ ಗಾಡಿ ಬಂದು ಹೋಗುವವರೆಗೆ ಅಲ್ಲಿಂದ ಏಳಬೇಡಿ.